ಟಿವಿಯೊಳಗಿರದ ಹೆಂಗಸು

೯ ಮಾರ್ಚ್, ಭಾನುವಾರ

ಪ್ರೀತಿಯ ಗುಬ್ಬಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂದು ತಿಂಗಳ ಮೇಲಾಯಿತು. ತಡವಾಯಿತೆಂದು ಕೋಪ ಬೇಡ. ಟೈಮ್ ಅಂಡ್ ಟೈಡ್ ಯಾರಿಗೋ ಕಾಯುವುದಿಲ್ಲ ಅಂತ ಕಾಲೇಜಿನಲ್ಲಿ ಓದಿದ್ದೆ, ಯಾರಿಗೆ ಅನ್ನುವುದು ಮರೆತಿದೆ. ಕನ್ನಡಕದ ಅಂಗಡಿ ಹೇಗೋ ನಡೆದಿದೆ. ಊರಿಗೆಲ್ಲ ಕನ್ನಡಕ ಮಾರುವ ನಾನೇ ಮೊನ್ನೆ ನನ್ನದನ್ನು ಹಣೆಗೇರಿಸಿಕೊಂಡು ಮನೆಯೆಲ್ಲ ಹುಡುಕಿದೆ. ‘ತಲೆ ಕತ್ತಿನ ಮೇಲೇ ಇದೆಯಾ, ಅದನ್ನೂ ನೋಡ್ಕೊಳ್ಳಿ’ ಅನ್ನಲು ನಿಮ್ಮಮ್ಮ ಇಲ್ಲ.

ವಿಷಯಕ್ಕೆ ಬರುತ್ತೇನೆ. ನಿನ್ನೆ ಕ್ಷೌರದಂಗಡಿಯ ಪೇಪರಿನಲ್ಲಿ ನಿನ್ನ ಸಂದರ್ಶನ ಓದಿದೆ. ನೀನು ಬಿಡಿಸಿದ ಚಿತ್ರವನ್ನೂ ಹಾಕಿದ್ದರು. ನೀನು ಯಾವಾಗಲೂ ಬಿಡಿಸುವ ಅದೇ ಮುಖವಿಲ್ಲದ ಹೆಂಗಸು, ಎರಡೂ ಕಡೆ ಬಿಳಿ ರೆಕ್ಕೆ, ಸುತ್ತ ನೀಲಿ ಬೆಳಕು. ಕ್ಷೌರಿಕ ಕತ್ತರಿ ನಿಲ್ಲಿಸಿ ಇಣುಕಿದ. ‘ನಿಮ್ಮಂಥ ಪುಕ್ಕಲರ ಮನೇಲಿ ದೆವ್ವ ಸಾಕೋ ಮಗಳು ಹುಟ್ಟಿದಾಳಲ್ಲ ಸಾರ್’ ಅಂದ. ಸಂದರ್ಶನದಲ್ಲಿ ನೀನು, ನಾಲ್ಕು ವರ್ಷದವಳಿದ್ದಾಗ ಟಿವಿಯಲ್ಲಿ ಕಂಡ ದೆವ್ವ ಅದು, ನನ್ನ ಕೈಗೆ ಕುಂಚ ಕೊಟ್ಟಿದ್ದೂ ಅದೇ, ಇನ್ನು ಸಾಕು, ಈ ಪ್ರದರ್ಶನ ಮುಗಿದ ಮೇಲೆ ಎಲ್ಲವನ್ನೂ ಸುಟ್ಟು ಬಿಡುಗಡೆ ಪಡೆಯುತ್ತೇನೆ ಎಂದಿದ್ದೀಯ.

ಮಗಳೇ, ಟಿವಿಯ ಆ ದೆವ್ವದ ಧಾರಾವಾಹಿಯನ್ನು ನಿನ್ನ ಪಕ್ಕ ಕೂತು ನೋಡಿದವನು ನಾನು. ಅದರ ದೆವ್ವ ಉದ್ದ ಗಡ್ಡದ ಮುದುಕ. ಅದರಲ್ಲಿ ಹೆಂಗಸೇ ಇರಲಿಲ್ಲ.

ಅವತ್ತು ಮುಸ್ಸಂಜೆ, ಇನ್ನೂ ದೀಪ ಹಾಕಿರಲಿಲ್ಲ. ಮುದುಕ ಬಾವಿಯಿಂದ ಎದ್ದು ಬಂದದ್ದೇ ನೀನು ಕಿಟಾರನೆ ಕಿರುಚಿದೆ. ಒಗೆದ ಬಿಳಿ ಬೆಡ್‌ಶೀಟ್ ಮಡಚುತ್ತಿದ್ದ ನಿಮ್ಮಮ್ಮ ಅದನ್ನು ಹಿಡಿದೇ ಓಡಿ ಬಂದು, ಎರಡೂ ಕೈ ಅಗಲಿಸಿ ಟಿವಿಗೆ ಅಡ್ಡ ನಿಂತಳು. ‘ಅದನ್ನ ನೋಡ್ಬೇಡ ಕಂದ, ನನ್ನ ನೋಡು, ನನ್ನನ್ನೇ ನೋಡು’ ಅಂದಳು. ನೀನು ನೋಡಿದೆ. ಅವಳ ಬೆನ್ನ ಹಿಂದೆ ಟಿವಿಯ ನೀಲಿ ಬೆಳಕು, ಮುಖವೆಲ್ಲ ಕತ್ತಲೆ. ಅಂಥ ಆಕಾರಕ್ಕೆ ಇಂಗ್ಲಿಷಿನಲ್ಲಿ ಒಂದು ಪದವಿದೆ, ಸಿಲೂ ಏನೋ, ನಿನಗೆ ಗೊತ್ತಿರುತ್ತದೆ. ನೀನು ಇನ್ನೂ ಜೋರಾಗಿ ಕಿರುಚಿದೆ. ಪಾಪ, ಮುದುಕ ಇನ್ನೂ ಕಾಣುತ್ತಿದ್ದಾನೆಂದುಕೊಂಡು ಅವಳು ಬೆಡ್‌ಶೀಟನ್ನು ಮತ್ತಷ್ಟು ಅಗಲಿಸಿದಳು.

ಇಷ್ಟು ವರ್ಷ ನನಗೂ ಹೊಳೆದಿರಲಿಲ್ಲ. ಅರ್ಧ ಕ್ಷೌರದಲ್ಲೇ ಕುರ್ಚಿಯಿಂದ ಎದ್ದು ಮನೆಗೆ ಬಂದೆ.

ಸುಡಬೇಡ, ಗುಬ್ಬಿ. ಆದರೆ ಒಂದೇ ಒಂದು ಚಿತ್ರದಲ್ಲಿ ಆ ಕೋಣೆಯ ದೀಪ ಹಾಕು. ಅವಳ ಮುಖ ಕಾಣಲಿ.

ನೂರು ಕಾಲ ಬಾಳು. ಬಣ್ಣದ ಕೈಯಲ್ಲೇ ಉಣ್ಣಬೇಡ.

ನಿನ್ನ
ಅಪ್ಪ

ಮೇಲೆ ಬರೆಯಲು ಕೈ ಬಾರದ್ದು: ನೀನು ಕೊಟ್ಟ ಆ ಹೆಂಗಸಿನ ಮೊದಲ ಚಿತ್ರ ನಿಮ್ಮಮ್ಮನ ಮಂಚದ ಎದುರಿಗೇ ಇತ್ತು. ಹಾಸಿಗೆ ಹಿಡಿದ ಮೇಲೆ ಒಂದು ದಿನ, ‘ಅದನ್ನ ಗೋಡೆ ಕಡೆ ತಿರುಗಿಸ್ರೀ’ ಅಂದಳು. ‘ನಮ್ಮ ಮಗೂನ ಎಷ್ಟು ಹೆದರಿಸಿದ್ಲೋ ಹಾಳಾದೋಳು. ಅವಳ ಮುಖ ನೋಡ್ಕೊಂಡು ನಾನು ಸಾಯಲ್ಲ.’ ತಿರುಗಿಸಿದೆ. ನಿನ್ನೆ ಮತ್ತೆ ಈಚೆಗೆ ತಿರುಗಿಸಿದ್ದೇನೆ. ಎದುರಿಗೆ ಮಂಚ ಖಾಲಿ.