ಹೆಣದ ಹೆಬ್ಬೆರಳು

ತೊನ್ನೇರ್
ಜೂನ್ 23, ಭಾನುವಾರ

ಪ್ರೀತಿಯ ತಂಗಿ ಕ್ಲೆಮಾನ್ಸ್,

ಮೊಣಕಾಲು ನೋವು ಹೇಗಿದೆ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯುವುದಿದ್ದರೆ ಬೈ, ಆದರೆ ಇದನ್ನು ಪೂರ್ತಿ ಓದಿದ ಮೇಲೆ ಬೈ. ನಿನ್ನೆ ಹಳೆಯ ಸಂತೆ ಚಾವಡಿಯಲ್ಲಿ ನಮ್ಮ ಆಟವಾಯಿತು. ನಾನು ಮತ್ತೆ ರಂಗ ಹತ್ತಿದೆ ಕಣೇ. ಅದೂ ಯಾವ ಆಟಕ್ಕೆ? ‘ಸತ್ತ ಗಂಡ’ಕ್ಕೆ.

ಜನವರಿಯಲ್ಲಿ ನಿನ್ನ ಭಾವ ತೀರಿಕೊಂಡ ಮೇಲೆ ಆ ಪ್ರಹಸನದ ಹೆಸರೆತ್ತಬೇಡಿ ಎಂದು ತಂಡದವರಿಗೆ ಹೇಳಿಬಿಟ್ಟಿದ್ದೆ. ಅಷ್ಟು ವರ್ಷ ಅವರು ಹೆಣವಾಗಿ ಮಲಗಿದ ಹಲಗೆಯ ಮೇಲೆ ಇನ್ನೊಬ್ಬ ಮಲಗುವುದನ್ನು ನೋಡಲು ನನ್ನಿಂದಾಗದು ಎನಿಸಿತ್ತು. ಈಸ್ಟರಿಗೆ ದೆವ್ವ, ದೇವದೂತರ ನಾಟಕ ಆಡಿದಾಗಲೂ ನಾನು ಪರದೆಯ ಹಿಂದೆ ಕೂತು ರಟ್ಟಿನ ನರಕದ ಬಾಯಿಗೆ ಹೊಗೆ ಊದಿದೆ, ಅಷ್ಟೇ. ಊರಿನವರು ಬಿಡಬೇಕಲ್ಲ. ರೊಟ್ಟಿ ಅಂಗಡಿಗೆ ಹೋದರೂ, "ಹೆಣ ಏಳೋ ಆಟ ಈ ವರ್ಷ ಇಲ್ವಾ?" ಎಂಬ ಮಾತೇ. ಕೊನೆಗೆ ನಮ್ಮ ತಂಡ ನಡೆಸುವ ಸಿದೋನಿ ಮನೆಗೇ ಬಂದಳು. "ನೀನು ಮಾಡಿದ್ರೆ ಮಾಡೋಣ. ಇಲ್ಲಾಂದ್ರೆ ಆ ಆಟಾನ ಇಲ್ಲಿಗೇ ಮುಚ್ಚಿಬಿಡೋಣ. ಹೆಂಡತಿ ಪಾತ್ರಾನ ಬೇರೆ ಹೆಂಗಸಿಗೆ ನಾನು ಕೊಡಲ್ಲ" ಎಂದಳು. ಮುಚ್ಚುವ ಮಾತು ಕೇಳಿ ನನಗೆ ಸಿಟ್ಟು ಬಂತು. ಐನೂರು ವರ್ಷ ಬದುಕಿದ ಆಟ ನನ್ನ ಕೈಯಲ್ಲಿ ಸಾಯಬೇಕಾ? ಹೂಂ ಎಂದುಬಿಟ್ಟೆ.

ಹೆಣವಾಗಲು ಚೀಸ್ ಮಾರುವ ಬಾಸಿಲ್ ಒಪ್ಪಿದ. ನೀನು ಆ ಆಟ ನೋಡಿದ್ದು ಯಾವಾಗಲೋ. ಹೆಂಡತಿ ಅಳುತ್ತಾಳೋ ಇಲ್ಲವೋ ನೋಡೋಣವೆಂದು ಗಂಡ ಸತ್ತಂತೆ ಮಲಗುತ್ತಾನೆ. ಅವಳಿಗೆ ಗುಟ್ಟು ಗೊತ್ತಾಗಿ, ಅವನು ಬಚ್ಚಿಟ್ಟ ಹಂದಿಮಾಂಸವನ್ನೆಲ್ಲ ಅವನೆದುರೇ ನೆರೆಹೊರೆಗೆ ಹಂಚುತ್ತಾಳೆ. ಆಗ ನಿನ್ನ ಭಾವ ಕಾಲಿನ ಹೆಬ್ಬೆರಳನ್ನು ಮೆಲ್ಲಗೆ ಆಡಿಸುತ್ತಿದ್ದರು. ಅದು ಹಳೆಯ ಆಟದಲ್ಲಿಲ್ಲ, ಅವರದೇ ಚೇಷ್ಟೆ. ಬೆರಳು ಆಡಿದ ಕೂಡಲೇ ನಾನು, "ಏಳೋ ಕಳ್ಳ, ಸೂಪು ಆರಿಹೋಗ್ತಿದೆ" ಎನ್ನಬೇಕು, ಹೆಣ ಎದ್ದು ಓಡಬೇಕು.

"ಹೊನೊರೀನಕ್ಕ, ಬೆರಳು ಆಡಿಸ್ಲಾ?" ಎಂದು ಬಾಸಿಲ್ ಮೊದಲೇ ಕೇಳಿದ್ದ.

"ಅದು ಅವರದು. ನೀನು ಬೇಕಾದ್ರೆ ಸೀನು" ಎಂದಿದ್ದೆ.

ನಿನ್ನೆ ಆ ಗಳಿಗೆ ಬಂತು. ಬಾಸಿಲ್ ಸೀನಿದ. ಯಾರೂ ನಗಲಿಲ್ಲ. ಜನರೆಲ್ಲ ಅವನ ಕಾಲನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ, ಬಾಯಿಂದ ಮಾತೇ ಹೊರಡದು. ಸಿದೋನಿ ಪರದೆಯ ಹಿಂದಿನಿಂದ ಮಾತು ಹೇಳಿಕೊಟ್ಟಳು. ಕೇಳಿಸಿತು, ಆದರೂ ಆಗಲಿಲ್ಲ. ಇಲ್ಲಿಗೆ ಮುಗಿಯಿತು, ಇಳಿದು ಹೋಗಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಮುಂದಿನ ಬೆಂಚಿನ ಮುದುಕಿಯೊಬ್ಬಳು, "ಏನಯ್ಯಾ ಹೆಣ, ಬೆರಳು ಮರಗಟ್ಟಿದೆಯಾ?" ಎಂದಳು. ಬಾಸಿಲ್ ಒಂದೇ ಕಣ್ಣು ತೆರೆದು ನನ್ನ ಮುಖ ನೋಡಿದ. ಹೂಂ ಎಂದು ತಲೆಯಾಡಿಸಿದೆ. ಆ ದಪ್ಪ ಬೆರಳು ಆಡಿತು ನೋಡು, ಜನ ನಕ್ಕ ನಗೆಗೆ ತೊಲೆಯ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ನನ್ನ ಮಾತು ತಾನಾಗಿ ಬಂತು.

ಆಟ ಮುಗಿಸಿ ಎಲ್ಲರೂ ಕೂತು ಈರುಳ್ಳಿ ಸೂಪು ಕುಡಿದೆವು. ಬಾಸಿಲ್ ಕಾಲುಚೀಲವನ್ನೇ ಹಾಕಿಕೊಳ್ಳಲಿಲ್ಲ. "ಜನ ಇದನ್ನ ನೋಡಕ್ಕೇ ಬರೋದು" ಅಂತ ಜಂಬ. ಬಹಳ ದಿನದ ಮೇಲೆ ನನಗೆ ಸಂತೋಷವಾಗಿದೆ, ಕ್ಲೆಮಾನ್ಸ್. ಆಗಸ್ಟಿನಲ್ಲಿ ಮತ್ತೆ ಆಡುತ್ತೇವೆ, ಬಾ.

ಮಕ್ಕಳಿಗೆಲ್ಲ ಒಳ್ಳೆಯದಾಗಲಿ. ನಿನ್ನ ಕಾಲು ಬೇಗ ಮೆಟ್ಟಿಲು ಹತ್ತುವಂತಾಗಲಿ.

ನಿನ್ನ ಅಕ್ಕ,
ಹೊನೊರೀನ್

ತಾ.ಕ.: ಮಣ್ಣು ಮಾಡಿದ ದಿನ ನಿನಗೆ ಒಂದು ಮಾತು ಹೇಳಲಾಗಲಿಲ್ಲ. ನಿನ್ನ ಭಾವ ತೀರಿಕೊಂಡ ದಿನ ಬೆಳಿಗ್ಗೆ ನಾನು ಕಾಫಿ ಹಿಡಿದು ಹೋದಾಗ ಅವರು ನೆಟ್ಟಗೆ ಮಲಗಿದ್ದರು, ಕೈಗಳು ಎದೆಯ ಮೇಲೆ, ಆಟದಲ್ಲಿ ಮಲಗುವ ಹಾಗೆಯೇ. ನನ್ನನ್ನು ಆಡಿಸುತ್ತಿದ್ದಾರೆ ಅಂದುಕೊಂಡೆ. "ಏಳೋ ಕಳ್ಳ" ಎಂದು ನಗುತ್ತಾ ಹೊದಿಕೆ ಸರಿಸಿ ಕಾಲ ಬಳಿ ಕೂತೆ. ಕಾಫಿ ಪೂರ್ತಿ ಆರುವವರೆಗೂ ಆ ಬೆರಳನ್ನೇ ನೋಡುತ್ತಿದ್ದೆ.