ಕಡಲು ಗೋಲು ಮುಟ್ಟುವವರೆಗೆ

ತೆಂಕಪಡು
ಮೇ ೨೮, ೨೧೪೧

ವಾಮನ ಮುತ್ತಜ್ಜನವರಿಗೆ ಭಾಗೀರಥಿಯ ನಮಸ್ಕಾರ.

ರೇವತಿ ಮುತ್ತಜ್ಜಿ ಬಾಣಂತನ ಮುಗಿಸಿ ಓಡಾಡುತ್ತಿದ್ದಾರೆಯೇ? ನಿಮ್ಮ ಅಪ್ಪ ಸುಂದರಜ್ಜನ ಮೊಣಕಾಲು ಈಗ ಹೇಗಿದೆ? ತೊಟ್ಟಿಲಲ್ಲಿರುವ ಧನ್ವಿಗೆ, ಅಂದರೆ ನನ್ನ ಅಜ್ಜಿಗೆ, ಶೀತ ಬಿಟ್ಟಿತೇ? ಮೇಲಿನ ತಾರೀಕು ನೋಡಿ ಗಾಬರಿಯಾಗಬೇಡಿ. ನಿಮಗಿನ್ನೂ ಮೂವತ್ತು, ನನಗೆ ಎಪ್ಪತ್ತು ದಾಟಿದೆ. ಆದರೂ ಹಿರಿಯರು ನೀವೇ. ಶಾಲೆ ಹೆಚ್ಚು ಕಲಿತವಳಲ್ಲ ನಾನು, ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಕಾಗದ ಬರುವುದು ಹಿನ್ನಂಚೆಯಲ್ಲಿ; ಅದು ಹಿಂದಿನ ಕಾಲಕ್ಕೆ ಮಾತ್ರ ಹೋಗುವ ಅಂಚೆ.

ನಿಮ್ಮ ಲೆಕ್ಕದಲ್ಲಿ ಹೋದ ವರ್ಷ ನೀವು ಶುರುಮಾಡಿದ ಫುಟ್‌ಬಾಲ್ ಕ್ಲಬ್ಬು ಇನ್ನೂ ಇದೆ. ಮೀನುಗಾರಿಕೆ ನಿಂತು ದೋಣಿಗಳು ದಡ ಹತ್ತುವ ಜೂನ್ ಒಂದರಂದು ಇಂದಿಗೂ ಆಡುತ್ತೇವೆ, ಗೋಲಿಗೆ ದೋಣಿಯ ಹುಟ್ಟುಗಳನ್ನೇ ನೆಟ್ಟು. ಒಂದು ಜೂನ್ ಒಂದರಂದು ನನ್ನ ಅಪ್ಪ ಜ್ವರದಲ್ಲೇ ಆಡಿ ಗೋಲು ಹೊಡೆದರು. ಇನ್ನೊಂದರಲ್ಲಿ ಹೆಂಗಸರ ತಂಡ ಗಂಡಸರನ್ನು ಸೋಲಿಸಿತು. ಆವತ್ತು ಮೀನು ಸಾರು ಮಾಡಿದ್ದು ಗಂಡಸರು, ಉಪ್ಪೇ ಇರಲಿಲ್ಲ.

ಮೊದಲ ಆಟದ ದಿನ ಯಾರ ಬಳಿಯೂ ಸೀಟಿ ಇಲ್ಲದ್ದಕ್ಕೆ ನೀವು ನಗುತ್ತಾ ಹೇಳಿದಿರಂತೆ: "ಸೀಟಿ ಯಾಕೆ ಮಾರಾಯ, ಕಡಲು ಗೋಲು ಮುಟ್ಟುವವರೆಗೆ ಆಡುವ." ಆ ತಮಾಷೆ ನಮಗೆ ಕಟ್ಟಳೆಯಾಗಿದೆ. ಅಲೆ ಗೋಲಿನ ಗೆರೆ ಮುಟ್ಟದೆ ಆಟ ನಿಲ್ಲುವುದಿಲ್ಲ, ಗೋಲು ಕಾಯುವ ಗೋಲಿ ಜಾಗ ಬಿಡುವ ಹಾಗಿಲ್ಲ.

ನಿಮ್ಮ ಕಾಲದಲ್ಲಿ ಕಡಲು ಮೆಲ್ಲಗೆ ತೆವಳಿ ಬರುತ್ತಿತ್ತು. ಈಗ ಬರುವುದು ಏರುಗೋಡೆ, ಒಮ್ಮೆಗೇ ಎದ್ದು ಬರುವ ಆಳೆತ್ತರದ ನೀರು. ಕಡಲ ಕಡೆ ಗೋಲು ಕಾಯುವವರಿಗೆ ಅದು ಕಾಣುವುದೂ ಇಲ್ಲ, ಬೆನ್ನ ಹಿಂದಿನಿಂದ ಬರುತ್ತದೆ. ಇಲ್ಲಿ ಹೋದ ವರ್ಷ ಅಲ್ಲಿ ಗೋಲಿಯಾಗಿ ನಿಂತಿದ್ದ ಲೋಹಿತನನ್ನು ಕೊಂಡುಹೋಯಿತು. ಹುಟ್ಟುಗಳು ಸಿಕ್ಕವು, ಹುಡುಗ ಸಿಗಲಿಲ್ಲ. ಈ ವರ್ಷ ಆ ಜಾಗದಲ್ಲಿ ನಿಲ್ಲುವವಳು ನನ್ನ ಮೊಮ್ಮಗಳು ಇಂಚರಾ.

ಬೇಡವೆಂದರೆ, "ವಾಮನಜ್ಜ ಹೇಳಿದ್ದನ್ನು ನಾನು ಮುರಿಯುವುದಾ? ನೀನು ಸುಮ್ಮನೆ ಕೂತ್ಕೋ ಅಜ್ಜಿ" ಎನ್ನುತ್ತಾಳೆ. ಕ್ಲಬ್ಬಿನ ಅಧ್ಯಕ್ಷ ದಾಮೋದರನ ಕಾಲು ಹಿಡಿಯುವುದೊಂದು ಬಾಕಿ. ಅವನು ಎಲ್ಲರೆದುರು ನಕ್ಕ: "ವಾಮನಜ್ಜನ ಕೈಯಲ್ಲೇ ಬರೆಸಿಕೊಂಡು ಬನ್ನಿ ಭಾಗೀರಥಿಯಕ್ಕ, ಆಗ ನಿಲ್ಲಿಸುವ." ನಗಲಿ. ಎಲ್ಲರೂ ಕೇಳಿಸಿಕೊಂಡಿದ್ದಾರೆ, ಇನ್ನು ಅವನು ಮಾತು ತಪ್ಪುವ ಹಾಗಿಲ್ಲ.

ಹಾಗಾಗಿ ನೀವು ಬರೆಯಬೇಕು. ಗೋಲಿ ಕೈ ಎತ್ತಿದರೆ ಆಟ ಮುಗಿಯಿತು ಎಂದು ಬರೆದು, ಕೆಳಗೆ ಹೆಸರು ಹಾಕಿ, ನಮ್ಮ ಕಡಲ ದೈವ ಬೊಬ್ಬರ್ಯನ ಗುಡಿಯ ಕಟ್ಟೆಯೊಳಗೆ ಬಾಟಲಿಯಲ್ಲಿ ಮುಚ್ಚಿಡಿ. ಗುಡಿ ಇನ್ನೂ ನಿಂತಿದೆ. ಇವತ್ತು ಬೆಳಿಗ್ಗೆ ಕಟ್ಟೆಯ ಕಲ್ಲು ಎಬ್ಬಿಸಿ ನೋಡಿದೆ, ಬರೀ ಮರಳು. ನಾಳೆ ಪುನಃ ನೋಡುತ್ತೇನೆ, ನಾಡಿದ್ದೂ ನೋಡುತ್ತೇನೆ. ಈ ಕಾಗದ ಓದಿದ ಕೂಡಲೇ ಬರೆಯಿರಿ ಮುತ್ತಜ್ಜ, ಧನ್ವಿ ಅಳುತ್ತಿದ್ದರೆ ರೇವತಿ ಮುತ್ತಜ್ಜಿ ಎತ್ತಿಕೊಳ್ಳಲಿ.

ಇತಿ,
ಭಾಗೀರಥಿ