ಬೋರ್ಡಿಂಗ್ ಹನ್ನೆರಡರಿಂದ ಮೂರು

ಡಿಸೆಂಬರ್ 3, ಬೆಳಿಗ್ಗೆ

ಇವತ್ತೂ ಶಹಾಪುರಕ್ಕೆ ಹೋಗಬೇಕು. ಮೂರನೇ ಸಲ. ಒಂದು ಹಡಗಿನ ಟಿಕೆಟ್ಟಿಗೆ ರಂಗಂಪೇಟೆಯಿಂದ ಎಷ್ಟು ಸಲ ಬಸ್ಸು ಹತ್ತಬೇಕೋ. ಈ ಸಲದ ತಕರಾರು ಸರ್‌ನೇಮು. ಆ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದೆ ಹೋಗುವುದಿಲ್ಲವಂತೆ. ನನ್ನ ಆಧಾರಿನಲ್ಲಿ ಇರುವುದೇ ಒಂದು ಹೆಸರು — ಮಲ್ಲಾಬಾಯಿ. ಸರ್ಕಾರ ಮೂವತ್ತನಾಲ್ಕು ವರ್ಷ ಅದೇ ಹೆಸರಿಗೆ ಸಂಬಳ ಕೊಟ್ಟಿದೆ, ಈಗ ಪೆನ್ಶನ್ ಕೊಡುತ್ತಿದೆ. ಹಡಗಿನವರಿಗೆ ಮಾತ್ರ ಸಾಲದು.

ಏಜೆಂಟ್ ಬಾಲರಾಜ ನನ್ನ ವಿದ್ಯಾರ್ಥಿಯೇ. ಏಳನೇ ಕ್ಲಾಸಿನಲ್ಲಿ ‘ಇಸ್’ ಯಾವಾಗ ‘ಆರ್’ ಯಾವಾಗ ಗೊತ್ತಾಗದೆ ಬೆಂಚಿನ ಮೇಲೆ ನಿಂತವನು. ಈಗ ತಲೆ ಬೆಳ್ಳಗಾಗಿದೆ. ಬಸ್ ಸ್ಟ್ಯಾಂಡ್ ಎದುರು ಟ್ರಾವೆಲ್ಸ್ ಇಟ್ಟಿದ್ದಾನೆ. ಹೊರಗೆ ಬೋರ್ಡಿನಲ್ಲಿ ಇಂಗ್ಲಿಷಿನ ಎರಡು ಸ್ಪೆಲ್ಲಿಂಗ್ ತಪ್ಪು. ಹೋದಾಗಲೆಲ್ಲ ಹೇಳುತ್ತೇನೆ. "ಹೌದ್ರಿ ಟೀಚರ್ರೀ" ಅನ್ನುತ್ತಾನೆ, ತಿದ್ದುವುದಿಲ್ಲ.

ಡಿಸೆಂಬರ್ 9

ಟಿಕೆಟ್ ಬಂತು. ನಾನು ‘ಮಲ್ಲಾಬಾಯಿ ಮಲ್ಲಾಬಾಯಿ’. ನನ್ನ ಜೊತೆ ಹೊರಟ ಗೆಳತಿ ಹುಸೇನಬೀ ‘ಹುಸೇನ ಬೀ’ — ಹೆಸರು ಒಡೆದು ‘ಬೀ’ಯನ್ನೇ ಸರ್‌ನೇಮು ಮಾಡಿದ್ದಾನೆ. ಇಷ್ಟಕ್ಕೇ ಮುಗಿಯಲಿಲ್ಲ. ನಮ್ಮನ್ನು ‘ಕಪಲ್’ ಎಂದು ತೋರಿಸಿದ್ದಾನೆ. ಯಾಕೋ ಎಂದರೆ, "ಕಪಲ್ ಆದ್ರ ಕೇಕ್ ಫ್ರೀ ಅದ ಟೀಚರ್ರೀ, ಹೂವಿನ ಅಲಂಕಾರಾನೂ ಮಾಡ್ತಾರ" ಎಂದ. ನನಗೆ ಮೈಯೆಲ್ಲ ಉರಿಯಿತು. ಹುಸೇನಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಇರ್ಲಿ ಬಿಡ್ರಿ ಅಕ್ಕಾ, ಕೇಕ್ ಯಾರ್ ಬ್ಯಾಡಂತಾರ."

ರೂಮಿಗೆ ಕಿಟಕಿಯೂ ಇಲ್ಲ. ‘ಇಂಟೀರಿಯರ್’ ಅಂದರೆ ಅದೇ ಅಂತೆ. ಸಮುದ್ರ ನೋಡಲು ಹಡಗು ಹತ್ತುವವರಿಗೆ ಕಿಟಕಿಯಿಲ್ಲದ ರೂಮು ಕೊಡುವ ಇವರಿಗೆ ಏನೆನ್ನಬೇಕು? ಕಿಟಕಿ ಬೇಕಾದರೆ ಅದಕ್ಕೆ ಬೇರೆ ರೇಟು. ಕಂಪನಿಗೆ ಫೋನ್ ಹಚ್ಚಿದೆ. ಹದಿನೆಂಟು ನಿಮಿಷ ಸಂಗೀತ ಕೇಳಿಸಿದರು, ಆಮೇಲೆ ಕಟ್.

ಡಿಸೆಂಬರ್ 16

ಹುಸೇನಾ ಹಗಲೆಲ್ಲ ಇಲ್ಲೇ ಇದ್ದಳು. ಬ್ಯಾಗಿಗೆ ಏನೇನು ತುಂಬಬೇಕು, ಅದೇ ಮಾತು. ಹೋದ ಮೇಲೆ ಕೂತು ಯೋಚಿಸಿದೆ.

ನಮ್ಮ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಬಿಸಿಯೂಟ ಬೇಯಿಸಿದಳು. ಮುನ್ನೂರು ಮಕ್ಕಳಿಗೆ. ಒಂದು ದಿನವೂ ಕೂತು ಉಂಡದ್ದು ನೋಡಿಲ್ಲ ನಾನು. ಒಲೆಯ ಹತ್ತಿರ ನಿಂತುಕೊಂಡು ಮುಚ್ಚಳದಲ್ಲಿ ಹಾಕಿಕೊಂಡು ಉಣ್ಣುತ್ತಿದ್ದಳು. ಮನೆಗೆ ಹೋದರೆ ಅಲ್ಲೂ ಅದೇ ಗತಿ. ಹೋದ ವರ್ಷ ಟಿವಿಯಲ್ಲಿ ಹಡಗಿನ ಊಟದ ಹಾಲ್ ತೋರಿಸುತ್ತಿದ್ದರು — ಬಿಳಿ ಟೇಬಲ್, ಕೈಮೇಲೆ ಬಟ್ಟೆ ಹಾಕಿಕೊಂಡು ನಿಂತ ಬಡಿಸುವವರು. ಆವತ್ತು ಶುರುವಾದದ್ದು ಇದು. "ಅಕ್ಕಾ, ಮೂರ್ ದಿನ ಮಂದಿ ಮಾಡಿದ್ದು, ಮಂದಿ ನೀಡಿದ್ದು, ಕುಂತು ಉಣಬೇಕು ನಾ. ಆಮ್ಯಾಲ ಸತ್ರೂ ಚಿಂತಿಲ್ಲ." ಚೀಟಿ ಎತ್ತಿ ತನ್ನ ಪಾಲು ತಾನೇ ಹಾಕಿದ್ದಾಳೆ. ನನ್ನಿಂದ ಒಂದು ಪೈಸೆ ಮುಟ್ಟಲಿಲ್ಲ.

ಅವಳ ಪ್ರಶ್ನೆ ಒಂದೇ — ಮಾಂಸ ಹಲಾಲ್ ಇರುತ್ತದೋ ಇಲ್ಲವೋ. ಕಂಪನಿಗೆ ಈಮೇಲ್ ಬರೆಸಿದೆ. ಉತ್ತರ: ‘ಜೈನ್ ಊಟದ ವ್ಯವಸ್ಥೆ ಇದೆ.’ ಮತ್ತೆ ಬರೆಸಿದೆ. ಅದೇ ಉತ್ತರ. ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

ಜನವರಿ 4

ಬಾಲರಾಜ ವಾಟ್ಸಾಪಿಗೆ ಕಾಗದ ಕಳಿಸಿದ್ದಾನೆ. ಪ್ರಿಂಟ್ ತೆಗೆಸಿಕೊಂಡು ಬಂದೆ. ಹನ್ನೊಂದನೇ ತಾರೀಖು, ಮುಂಬೈ. ಬೋರ್ಡಿಂಗ್ ಹನ್ನೆರಡರಿಂದ ಮೂರು. ಡಿಪಾರ್ಚರ್ ಐದು.

ಹುಸೇನಾ ಬೆರಳಿಟ್ಟು ಕೇಳಿದಳು, "ಇದೇನ್ರಿ ಅಕ್ಕಾ, ಬೋರ್ಡಿಂಗ್?"

"ಊಟ. ಯಾದಗಿರ್ಯಾಗ ಲಾಡ್ಜಿನ ಮ್ಯಾಲ ನೋಡಿಲ್ಲೇನು, ಬೋರ್ಡಿಂಗ್ ಆ್ಯಂಡ್ ಲಾಡ್ಜಿಂಗ್? ಬೋರ್ಡಿಂಗ್ ಅಂದ್ರ ಊಟ, ಲಾಡ್ಜಿಂಗ್ ಅಂದ್ರ ಮಲಗೋದು. ಹನ್ನೆರಡರಿಂದ ಮೂರರ ತನಕ ಊಟ ನೀಡ್ತಾರ. ಹಡಗು ಬಿಡೋದು ಐದಕ್ಕ."

"ಹಂಗಾರ ಹನ್ನೆರಡಕ್ಕೇ ಹೋಗಮು ಅಕ್ಕಾ. ಮೊದಲನೇ ಊಟ."

ನಾನೇ ಬೇಡವೆಂದೆ. ಮೊದಲ ದಿನ ನೂಕುನುಗ್ಗಲು ಇರುತ್ತದೆ. ಹಲಾಲಿನ ಉತ್ತರವೂ ಬಂದಿಲ್ಲ. ರೊಟ್ಟಿ ಕಟ್ಟಿಕೊಂಡು ಹೋಗಿ ಸಮುದ್ರದ ದಂಡೆಯಲ್ಲಿ ಆರಾಮಾಗಿ ಉಂಡು, ನಾಲ್ಕು ದಾಟಿದ ಮೇಲೆ ಹೋದರೆ ಸಾಕು. ಇನ್ನೂ ಮೂರು ದಿನ ಊಟ ಇದ್ದೇ ಇದೆಯಲ್ಲ. ಅವಳ ಮುಖ ಸ್ವಲ್ಪ ಸಣ್ಣದಾಯಿತು. "ನಿಮಗ ಗೊತ್ತಿರ್ತದ ಬಿಡ್ರಿ" ಎಂದಳು.

ಜನವರಿ 10, ರೈಲಿನಲ್ಲಿ

ಯಾದಗಿರಿ ಬಿಟ್ಟಿತು. ಹುಸೇನಾ ಹೊಸ ಚಪ್ಪಲಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದಾಳೆ, ಕಳುವಾದೀತು ಎಂದು. ಅವಳ ಮಗಳು ಆಸ್ಮಾ ಹತ್ತು ಸಲ ಫೋನ್ ಮಾಡಿದ್ದಾಳೆ. ಅಕ್ಷರ ಅಲ್ಲಾಡುತ್ತಿವೆ. ಸಾಕು.

ಜನವರಿ 11, ಸಂಜೆ ಆರು

ಹಡಗು ಹೋಯಿತು.

ನಾಲ್ಕು ಇಪ್ಪತ್ತಕ್ಕೆ ಗೇಟಿನಲ್ಲಿದ್ದೆವು. ನಾಲ್ಕು ಇಪ್ಪತ್ತು! ಹಡಗು ಅಲ್ಲೇ ನಿಂತಿತ್ತು, ಶೆಡ್ಡಿನ ಹಿಂದೆ, ಬೆಳ್ಳಗೆ, ಹತ್ತು ಅಂತಸ್ತು. ಗೇಟಿನವನು ಕಾಗದ ನೋಡಿ "ಬೋರ್ಡಿಂಗ್ ಬಂದ್ ಹೋ ಗಯಾ" ಎಂದ. ಹುಸೇನಾ ಕೈ ಮುಗಿದಳು. "ಹಮನಾ ಖಾನಾ ನಕ್ಕೋ ಭಾಯಿ, ಜಹಾಜ್ ಹೋನಾ" — ನಮಗೆ ಊಟ ಬೇಡಪ್ಪ, ಹಡಗು ಬೇಕು. ಅವನು ಪಕ್ಕದವನನ್ನು ಕರೆದು ಹೇಳಿದ. ಇಬ್ಬರೂ ನಕ್ಕರು. ನಗುತ್ತಾರೆ! ವಯಸ್ಸಾದ ಹೆಂಗಸು ಕೈಮುಗಿದು ನಿಂತಿದ್ದಾಳೆ, ಇವರಿಗೆ ನಗು. ನಾನು ಇಂಗ್ಲಿಷಿನಲ್ಲಿ ಜಾಡಿಸಿದೆ. ಐದಕ್ಕೆ ಬಿಡುವ ಹಡಗಿಗೆ ನಲವತ್ತು ನಿಮಿಷ ಮೊದಲು ಬಂದರೂ ಒಳಗೆ ಬಿಡದಿರುವುದು ಯಾವ ಕಾನೂನು, ಮ್ಯಾನೇಜರನ್ನು ಕರೆಯಿರಿ ಎಂದು ಕೂಗಿದೆ. ಟೈ ಕಟ್ಟಿದ ಒಬ್ಬಳು ಬಂದು "ಸಾರಿ ಮ್ಯಾಮ್, ನೋ ಶೋ" ಎಂದಳು. ನೋ ಶೋ ಅಂತೆ. ಎದುರಿಗೆ ನಿಂತಿದ್ದೇವೆ, ಬಂದಿಲ್ಲ ಎನ್ನುತ್ತಾಳೆ! ದುಡ್ಡೂ ವಾಪಸ್ಸಿಲ್ಲ.

ನಮ್ಮ ಸುರಪುರದ ಡ್ರೈವರ್ ಕೂಡ ಕೈ ಬೀಸಿದರೆ ಬಸ್ಸು ನಿಲ್ಲಿಸುತ್ತಾನೆ.

ಬ್ಯಾಗಿನ ಮೇಲೆ ಕೂತು ನೋಡಿದೆವು. ಸರಿಯಾಗಿ ಐದಕ್ಕೆ ಹೊರಟಿತು. ಹುಸೇನಾ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಉಳಿದ ರೊಟ್ಟಿ ಬಿಚ್ಚಿ ನನಗೆ ಕೊಟ್ಟಳು, ತಾನು ನಿಂತುಕೊಂಡು ತಿಂದಳು.

ಬಾಲರಾಜನನ್ನು ಬಿಡುವುದಿಲ್ಲ ನಾನು.

ಜನವರಿ 15

ಶಹಾಪುರ. ಒಬ್ಬಳೇ ಹೋದೆ. ಹುಸೇನಾಳಿಗೆ ಬಂದಾಗಿನಿಂದ ಜ್ವರ.

ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಇರಲಿ ಎಂದು ಬಾಗಿಲಲ್ಲೇ ಶುರು ಮಾಡಿದೆ. "ಡಿಪಾರ್ಚರ್ ಐದಕ್ಕ ಅಂತ ಬರದೀಯೋ ಇಲ್ಲೋ?"

"ಬರದೀನ್ರಿ ಟೀಚರ್ರೀ."

"ಮತ್ತ ನಾಕು ಇಪ್ಪತ್ತಕ್ಕ ಯಾಕ್ ಒಳಗ ಬಿಡ್ಲಿಲ್ಲ?"

"ಬೋರ್ಡಿಂಗ್ ಮೂರಕ್ಕ ಬಂದ್ ಅಂತನೂ ಬರದೀನ್ರಿ."

"ಊಟ ಬಂದ್ ಆದ್ರ ನಮಗೇನೋ? ಊಟ ಮಾಡೇ ಹೋಗಿದ್ದಿವಿ ನಾವು!"

ಗಿರಾಕಿಗಳ ಕಡೆ ನೋಡಿದ. ಎದ್ದು ಬಂದು ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, ಅವರಿಗೆ ಕೇಳಿಸದ ಹಾಗೆ ಹೇಳಿದ — "ಬೋರ್ಡಿಂಗ್ ಅಂದ್ರ ಹತ್ತೋದ್ರಿ ಟೀಚರ್ರೀ. ಹಡಗು ಹತ್ತೋದು."

ಬಸ್ಸಿನಲ್ಲಿ ಹೇಗೆ ಬಂದೆನೋ ಗೊತ್ತಿಲ್ಲ. ಮನೆಗೆ ಬಂದು ಡಿಕ್ಷನರಿ ತೆಗೆದೆ. ಊಟ ಎಂದೂ ಇದೆ. ಅದರ ಕೆಳಗೆ, ರೈಲು ಹಡಗು ಮುಂತಾದವನ್ನು ಏರುವುದು ಎಂದೂ ಇದೆ. ‘ಹೀ ಬೋರ್ಡೆಡ್ ದ ಟ್ರೇನ್’ — ನಾನೇ ಕರಿಹಲಗೆಯ ಮೇಲೆ ಬರೆದಿದ್ದೇನೆ. ಎಷ್ಟು ವರ್ಷ! ಸಾವಿರ ಮಕ್ಕಳ ಕೈಲಿ ಒದರಿಸಿದ್ದೇನೆ.

ಏರುವುದಕ್ಕೆ ಏರುವುದು ಎಂದು ಬರೆಯಲು ಇವರಿಗೇನು ರೋಗ? ಒಂದು ಸಾಲು ಕನ್ನಡದಲ್ಲಿ ಹಾಕಿದ್ದರೆ? ಟಿಕೆಟ್ ಮಾರುವಾಗ ಕನ್ನಡ ಬರುತ್ತದೆ, ಕೇಕಿಗೆ ಕನ್ನಡ ಬರುತ್ತದೆ...

ಬರೆದದ್ದು ಓದಿದೆ. ಕಂಪನಿಗೆ ಬೈದು ಎಷ್ಟು ಪುಟ ತುಂಬಿಸಿದರೂ, ಹುಸೇನಾ ಕೇಳಿದ್ದು ಕಂಪನಿಯನ್ನಲ್ಲ, ನನ್ನನ್ನು.

ಜನವರಿ 17

ಹೇಳಲೆಂದೇ ಹೋಗಿದ್ದೆ. ಜ್ವರ ಬಿಟ್ಟಿದೆ. ಒಳಗೆ ಅವಳ ತಮ್ಮ ಮುಷರಫ ಕೂತಿದ್ದ. ಹುಸೇನಾ ಹೇಳುತ್ತಿದ್ದಳು — "ನಮ್ಮ ಅಕ್ಕ ಇಂಗ್ಲಿಷ್ ಕಲಿತಾಕಿ. ಆಕಿಗೇ ಮೋಸ ಮಾಡ್ಯಾನ ಅಂದ್ರ, ಓದು ಬರಾ ಇಲ್ದ ನನ್ನಂಥಾಕಿ ಗತಿ ಏನು?"

ಚಹಾ ಕುಡಿದು ಎದ್ದು ಬಂದೆ.

ಮಧ್ಯಾಹ್ನ ಬಾಲರಾಜನ ಫೋನು. ಮುಷರಫ ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಅಂಗಡಿ ಮುಂದೆ ನಿಂತು ಕಳ್ಳ, ಖದೀಮ ಎಂದು ಒದರಿದನಂತೆ. ಬಸ್ ಸ್ಟ್ಯಾಂಡಿನ ಮಂದಿಯೆಲ್ಲ ಕೂಡಿದ್ದರಂತೆ. "ನಾ ಏನೂ ಅಂದಿಲ್ರಿ. ನಿಮ್ಮ ಹೆಸರ ಎತ್ತಿಲ್ರಿ. ನೀವಾ ಒಂದ್ ಮಾತ್ ಹೇಳ್ರಿ ಟೀಚರ್ರೀ, ನಂದೂ ಹೊಟ್ಟಿಪಾಡು." ಆಯಿತು ಎಂದು ಫೋನ್ ಇಟ್ಟೆ. ಬೆಂಚಿನ ಮೇಲೆ ನಿಲ್ಲಿಸಿದ್ದೆ ಇವನನ್ನು!

ಜನವರಿ 18

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯಬೇಕು, ಇಲ್ಲಾದರೂ.

ಹುಸೇನಾ ಬಂದಳು. ಯಾದಗಿರಿಯಲ್ಲಿ ಗ್ರಾಹಕರ ಕೋರ್ಟಿಗೆ ಅರ್ಜಿ ಕೊಡುತ್ತಾರಂತೆ, ಬಾಲರಾಜನ ಮೇಲೆ. "ನೀವೇ ಬರೀರಿ ಅಕ್ಕಾ, ನಿಮ್ಮ ಅಕ್ಷರ ಮುತ್ತಿನಂಗ ಅವ." ಎದುರಿಗೆ ಕೂತಳು. ಬರೆದೆ. ‘ಸದರಿ ಏಜೆಂಟರು ಹಡಗು ಏರುವ ಸಮಯವನ್ನು ನಮಗೆ ಸರಿಯಾಗಿ ತಿಳಿಸಿರುವುದಿಲ್ಲ.’ ಬರೆದೇಬಿಟ್ಟೆ. ಅಕ್ಷರ ಮುತ್ತಿನಂತೆಯೇ ಬಂದಿವೆ. ಓದಿ ಹೇಳಿದೆ. ಉರ್ದುವಿನಲ್ಲಿ ನಿಧಾನವಾಗಿ ರುಜು ಹಾಕಿದಳು. ಪೆನ್ನು ನನ್ನ ಕಡೆ ಚಾಚಿದಳು. ನಾನೂ ಹಾಕಿದೆ.

ಥೂ. ಬೇರೆ ಶಬ್ದ ಸಿಗುತ್ತಿಲ್ಲ.

ಜನವರಿ 20, ಬೆಳಿಗ್ಗೆ ಎಂಟೂವರೆ

ಹತ್ತರ ಬಸ್ಸಿಗೆ ನಾವು ಯಾದಗಿರಿಗೆ ಹೊರಡುವವರು. ಅರ್ಜಿ ನನ್ನ ಹತ್ತಿರವೇ ಇದೆ. ಒಂದು ತಪ್ಪು ತಿದ್ದಬೇಕು, ನೀನೊಬ್ಬಳೇ ಬಾ ಎಂದು ಹುಸೇನಾಳಿಗೆ ಫೋನ್ ಮಾಡಿದ್ದೇನೆ. "ನಿಮ್ದರಾಗೂ ತಪ್ಪು ಇರ್ತಾವೇನ್ರಿ ಅಕ್ಕಾ" ಎಂದು ನಕ್ಕಳು.

ಎರಡು ದಿನದಿಂದ ಯೋಚಿಸಿದ್ದೇನೆ, ಹೇಗೆ ಹೇಳಬೇಕೆಂದು. ಕಂಪನಿಯವರು ಸೊಕ್ಕಿನವರು, ಗೇಟಿನವರು ನಕ್ಕರು — ಅದೆಲ್ಲ ನಿಜ, ಆದರೆ ಅದರಿಂದ ಶುರು ಮಾಡಬಾರದು. ಅದರಿಂದ ಶುರು ಮಾಡಿದರೆ ಅಲ್ಲೇ ಉಳಿದುಬಿಡುತ್ತೇನೆ, ನನ್ನನ್ನು ನಾನು ಬಲ್ಲೆ. ಬಾಲರಾಜನ ಮಾತೂ ಆಮೇಲೆ. ಅವಳು ಸಿಟ್ಟಾಗಲಿ. ಬೈಯಲಿ. ಇನ್ನು ಈ ಮನೆಗೆ ಬರದಿದ್ದರೆ... ಅದನ್ನು ಈಗ ಯೋಚಿಸುವುದಿಲ್ಲ.

ಗೇಟಿನ ಸದ್ದಾಯಿತು. ಬಂದಳು. ಚಪ್ಪಲಿ ಬಿಡುತ್ತಿದ್ದಾಳೆ. ಮೊದಲ ಮಾತು ಇಲ್ಲಿ ಬರೆದಿಟ್ಟುಕೊಂಡರೆ ನಾಲಗೆ ಹೊರಳೀತು —

ಹುಸೇನಾ, ಕೂಡು. ಬೋರ್ಡಿಂಗ್ ಅಂದ್ರ